ರೋಗಿ ನಮೂನೆಗಳ ಡಿಜಿಟಲೀಕರಣ

ರೋಗಿ ನಮೂನೆಗಳ ಡಿಜಿಟಲೀಕರಣ ಎಂದರೆ ಚಿಕಿತ್ಸಾಲಯಗಳಲ್ಲಿ ಕಾಗದದ ಮೇಲೆ ಬರೆಸಿಕೊಳ್ಳುತ್ತಿದ್ದ ನೋಂದಣಿ ಪತ್ರ, ರೋಗಚರಿತ್ರೆಯ ಪ್ರಶ್ನಾವಳಿ, ಒಪ್ಪಿಗೆ ಪತ್ರ ಮುಂತಾದವುಗಳನ್ನು ಗಣಕಯಂತ್ರ ಅಥವಾ ಮೊಬೈಲ್ ಮೂಲಕ ಭರ್ತಿ ಮಾಡಿಸಿ, ಅಧಿಕಾರವುಳ್ಳವರು ಮಾತ್ರ ನೋಡಬಹುದಾದ ರೀತಿಯಲ್ಲಿ ಕಾಪಾಡಿಡುವ ವ್ಯವಸ್ಥೆ. ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಡುವುದಕ್ಕಿಂತ ಇದು ಭಿನ್ನವಾದುದು. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರವಷ್ಟೆ. ರೋಗಿಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂದು ಅದರಲ್ಲಿ ಬರೆದಿದ್ದರೂ ಯಾರಾದರೂ ತೆರೆದು ಓದುವವರೆಗೆ ಆ ಸಂಗತಿ ಅಲ್ಲಿಯೇ ಅಡಗಿರುತ್ತದೆ. ನಮೂನೆಯ ಪ್ರತ್ಯೇಕ ಅಂಕಣದಲ್ಲಿ ಅದನ್ನು ದಾಖಲಿಸಿದರೆ, ವೈದ್ಯರು ಆ ಔಷಧವನ್ನು ಬರೆಯುವ ಹೊತ್ತಿಗೆ ಎಚ್ಚರಿಕೆ ಮೂಡುವಂತೆ ಮಾಡಬಹುದು.

ಹಿನ್ನೆಲೆ

ಒಬ್ಬ ರೋಗಿಗೆ ಒಂದೇ ಕಡತ ಎಂಬ ಪದ್ಧತಿಯನ್ನು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ವೈದ್ಯ ಹೆನ್ರಿ ಪ್ಲಮ್ಮರ್ 1907ರಲ್ಲಿ ಜಾರಿಗೆ ತಂದರು. ಅದಕ್ಕೆ ಮೊದಲು ಪ್ರತಿಯೊಬ್ಬ ವೈದ್ಯರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಭಾರತದ ಸಣ್ಣ ಚಿಕಿತ್ಸಾಲಯಗಳ ಸ್ಥಿತಿ ಬೇರೆಯೇ ಆಗಿತ್ತು. ಇಲ್ಲಿ ದಾಖಲೆಯನ್ನು ಬಹುಮಟ್ಟಿಗೆ ರೋಗಿಯೇ ಕಾಪಾಡುತ್ತಿದ್ದನು. ಔಷಧದ ಚೀಟಿ, ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಎಲ್ಲವೂ ಮನೆಯ ಪ್ಲಾಸ್ಟಿಕ್ ಚೀಲವೊಂದರಲ್ಲಿ ಇರುತ್ತಿದ್ದವು. ಇಂದಿಗೂ ಅನೇಕ ಮನೆಗಳಲ್ಲಿ ಹಾಗೆಯೇ ಇವೆ. ಈ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ದಾಖಲೆ ಯಾರ ಕೈಯಲ್ಲಿದೆ ಎಂಬುದು ರೋಗಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಡಿಜಿಟಲ್ ವ್ಯವಸ್ಥೆಯಲ್ಲಿ ಮೊದಲು ಮಸುಕಾಗುವುದು ಈ ಸಂಗತಿಯೇ.

ಕಾಗದದ ದೋಷಗಳು ಎಲ್ಲರಿಗೂ ತಿಳಿದಿರುವಂಥವು: ಗೆದ್ದಲು, ತೇವ, ಓದಲಾಗದ ಬರವಣಿಗೆ, ಕಳೆದುಹೋಗುವ ಕಡತ.

ಭಾರತದಲ್ಲಿನ ಕಾನೂನು

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು; ರೋಗಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ದಾಖಲೆಗಳನ್ನು ಗಣಕೀಕರಿಸಲು ಪ್ರಯತ್ನಿಸಬೇಕು ಎಂಬ ಮಾತು ಈ ನಿಯಮಗಳಲ್ಲಿಯೇ ಇದೆ. ಕೇಂದ್ರ ಆರೋಗ್ಯ ಸಚಿವಾಲಯವು ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಡಿಜಿಟಲ್ ರೂಪದಲ್ಲಿ ಸಂಗ್ರಹಿಸಿದ ಮಾಹಿತಿಗೂ, ಕಾಗದದಲ್ಲಿ ಸಂಗ್ರಹಿಸಿ ಅನಂತರ ಡಿಜಿಟಲ್ ರೂಪಕ್ಕೆ ತಂದ ಮಾಹಿತಿಗೂ ಅನ್ವಯಿಸುವಂತೆ ರಚಿತವಾಗಿದೆ. ಕಪಾಟಿನಲ್ಲಿರುವ ಹಳೆಯ ಕಡತ ಅದರ ವ್ಯಾಪ್ತಿಗೆ ಬರುವುದಿಲ್ಲ; ಅದನ್ನೇ ಸ್ಕ್ಯಾನ್ ಮಾಡಿದರೆ ಬರುತ್ತದೆ. ಮಾಹಿತಿಯನ್ನು ಯಾವ ಉದ್ದೇಶಕ್ಕೆ ಕೇಳಲಾಗುತ್ತಿದೆ ಎಂಬುದನ್ನು ತಿಳಿಸಬೇಕು, ಮತ್ತು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದು ಅದನ್ನು ಕೊಟ್ಟಷ್ಟೇ ಸುಲಭವಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ತುರ್ತು ಚಿಕಿತ್ಸೆಗೆ ವಿನಾಯಿತಿ ಇದೆ. ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಇವಲ್ಲದೆ, ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹಾಗೂ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಎರಡೂ 2017ರವು, ತಮ್ಮ ವ್ಯಾಪ್ತಿಯ ರೋಗಿಗಳ ಮಾಹಿತಿಯ ಗೋಪ್ಯತೆಗೆ ಪ್ರತ್ಯೇಕ ರಕ್ಷಣೆ ನೀಡುತ್ತವೆ.

ಎರಡು ಬಗೆಯ ಒಪ್ಪಿಗೆ

ಮಾಹಿತಿ ಸಂಗ್ರಹಕ್ಕೆ ಕೊಡುವ ಒಪ್ಪಿಗೆ ಬೇರೆ, ಚಿಕಿತ್ಸೆಗೆ ಕೊಡುವ ಒಪ್ಪಿಗೆ ಬೇರೆ. ಒಂದೇ ಪರದೆಯಲ್ಲಿ ಒಂದೇ ಗುರುತಿನಿಂದ ಎರಡನ್ನೂ ಪಡೆಯುವ ನಮೂನೆಗಳು ಬಳಕೆಯಲ್ಲಿದ್ದರೂ ಅದು ಸರಿಯಾದ ಕ್ರಮವಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ನೀಡಿದ ತೀರ್ಪಿನ ಪ್ರಕಾರ, ರೋಗ ಪತ್ತೆಯ ವಿಧಾನವೊಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಎಂದು ಭಾವಿಸುವಂತಿಲ್ಲ. ಅರ್ಥವಾಗದ ನಾಲ್ಕು ಪುಟಗಳ ಕೆಳಗೆ ಬೆರಳಿಟ್ಟ ಮಾತ್ರಕ್ಕೆ ರೋಗಿ ಒಪ್ಪಿದಂತಾಗುವುದಿಲ್ಲ. ಪರದೆಯ ಮೇಲೆ ಬೆರಳಿನಿಂದ ಗೀಚಿದ ಸಹಿಯು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ಹೇಳುವ ವಿದ್ಯುನ್ಮಾನ ಸಹಿಯಲ್ಲ. ಈ ಕಾರಣದಿಂದ, ನೋಂದಣಿಯನ್ನು ಡಿಜಿಟಲ್ ಮಾಡಿದ ಆಸ್ಪತ್ರೆಗಳಲ್ಲಿಯೂ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಕಾಗದದಲ್ಲಿ ಉಳಿಸಿಕೊಂಡಿರುವುದುಂಟು.

ಬದಲಾವಣೆಯ ಕ್ರಮ

ಇರುವ ಕಾಗದದ ನಮೂನೆಯನ್ನು ಯಥಾವತ್ತಾಗಿ ಪರದೆಗೆ ಇಳಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ವರ್ಷಗಳಿಂದ ಬೆಳೆದುಬಂದ ನಮೂನೆಯಲ್ಲಿ ಯಾರೂ ಓದದ ಪ್ರಶ್ನೆಗಳು ಇದ್ದೇ ಇರುತ್ತವೆ. ಪ್ರತಿಯೊಂದು ಪ್ರಶ್ನೆಯ ಮುಂದೆಯೂ ಈ ಉತ್ತರವನ್ನು ಯಾರು, ಯಾವಾಗ ಬಳಸುತ್ತಾರೆ ಎಂದು ಬರೆದುಕೊಂಡರೆ ಅರ್ಧದಷ್ಟು ತೊಡಕು ಅಲ್ಲಿಯೇ ಕಳೆಯುತ್ತದೆ. ಕೇಳದ ಮಾಹಿತಿ ಸೋರಿಹೋಗುವ ಪ್ರಶ್ನೆಯೇ ಇಲ್ಲ. ಅನಂತರ ಹೊಸ ರೋಗಿಗಳಿಂದ ಆರಂಭಿಸಿ, ಹಳಬರನ್ನು ಅವರ ಮುಂದಿನ ಭೇಟಿಯ ವೇಳೆ ಸೇರಿಸಿಕೊಳ್ಳುವುದು ಸಣ್ಣ ಚಿಕಿತ್ಸಾಲಯಕ್ಕೆ ನಿಭಾಯಿಸಬಹುದಾದ ದಾರಿ. ಈ ನಡುವಿನ ಕಾಲವೇ ಅಪಾಯದ್ದು: ಒಬ್ಬ ರೋಗಿಯ ಅರ್ಧ ಸಂಗತಿ ಕಪಾಟಿನಲ್ಲಿ, ಉಳಿದರ್ಧ ಗಣಕದಲ್ಲಿ ಇರುತ್ತದೆ. ಹಳೆಯ ಕಡತವಿದೆ ಎಂಬ ಸೂಚನೆಯನ್ನಾದರೂ ಪರದೆಯ ಮೇಲೆ ಕಾಣಿಸಬೇಕು. ಒಗ್ಗದ ಔಷಧಗಳು, ದೀರ್ಘಕಾಲದ ರೋಗಗಳು ಮತ್ತು ಈಗ ಸೇವಿಸುತ್ತಿರುವ ಮಾತ್ರೆಗಳು, ಈ ಮೂರನ್ನು ಮಾತ್ರ ಮೊದಲೇ ಕೈಯಿಂದ ನಮೂದಿಸಿ ವೈದ್ಯರಿಂದ ಪರಿಶೀಲಿಸಿಕೊಳ್ಳುವುದು ಕ್ಷೇಮ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾಯಿತು. ಅದರಡಿ 14 ಅಂಕಿಗಳ ಆಭಾ ಸಂಖ್ಯೆ ಪಡೆದವರು ಆಸ್ಪತ್ರೆಯಲ್ಲಿ ಕ್ಯೂಆರ್ ಸಂಕೇತವನ್ನು ಮೊಬೈಲ್‌ನಿಂದ ಸ್ಕ್ಯಾನ್ ಮಾಡಿ ಹೆಸರು, ವಯಸ್ಸು, ವಿಳಾಸಗಳನ್ನು ಹೊರರೋಗಿ ನೋಂದಣಿಗೆ ಒಮ್ಮೆಲೇ ಕಳುಹಿಸಬಹುದು. ಸರತಿಯ ಸಾಲು ಇದರಿಂದ ಕಡಿಮೆಯಾಗುತ್ತದೆ. ರೋಗಚರಿತ್ರೆಯನ್ನು ಕೇಳಿ ತಿಳಿಯುವ ಕೆಲಸ ಮಾತ್ರ ಹಾಗೆಯೇ ಉಳಿಯುತ್ತದೆ.

ಭಾಷೆ ಮತ್ತು ಹೆಸರುಗಳು

ದತ್ತಾಂಶ ಕಾಯ್ದೆಯ ಪ್ರಕಾರ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದರೊಂದರಲ್ಲಿ ಓದುವ ಆಯ್ಕೆ ವ್ಯಕ್ತಿಗೆ ಇರಬೇಕು. ಕನ್ನಡವೂ ಆ 22ರಲ್ಲಿ ಒಂದು. ಆದುದರಿಂದ ಕನ್ನಡದ ನಮೂನೆಯನ್ನು ಚಿಕಿತ್ಸಾಲಯ ತೋರುವ ಔದಾರ್ಯವೆಂದು ಭಾವಿಸಬೇಕಿಲ್ಲ.

ಹೀಗೆ ಕನ್ನಡದ ನಮೂನೆ ಮಾಡುವಾಗ ಕೆಲವು ತೊಡಕುಗಳು ಎದುರಾಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳನ್ನು ಪರಿವರ್ತಿಸದೆ ಹೊಸ ತಂತ್ರಾಂಶಕ್ಕೆ ಸೇರಿಸಿದರೆ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಲಕ್ಷ್ಮಿ, ಲಕ್ಷ್ಮೀ, ಲಕ್ಷ್ಮಮ್ಮ ಎಂದು ಒಬ್ಬಾಕೆಯೇ ಮೂರು ಬಾರಿ ದಾಖಲಾಗುವುದು ಅಪರೂಪವಲ್ಲ. ‘ಕುಲನಾಮ’ವೆಂಬ ಕಡ್ಡಾಯ ಅಂಕಣ, ತಂದೆಯ ಅಥವಾ ಊರಿನ ಹೆಸರನ್ನು ಇನಿಷಿಯಲ್ ಆಗಿ ಬರೆಯುವ ದಕ್ಷಿಣ ಕರ್ನಾಟಕದ ಅನೇಕರನ್ನು ಗೊಂದಲಕ್ಕೆ ಈಡುಮಾಡುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದ ವೃದ್ಧರಿಗೆ ಜನವರಿ 1 ಎಂದು ನಮೂದಿಸುವುದಕ್ಕಿಂತ ‘ಅಂದಾಜು ವಯಸ್ಸು’ ಎಂಬ ಅಂಕಣ ಇರುವುದು ಲೇಸು. ಓದುಬರಹ ಬಾರದವರಿಗೆ ಸಿಬ್ಬಂದಿ ಓದಿ ಹೇಳಿ ತುಂಬಿಸಿದರೆ, ತುಂಬಿಸಿದವರು ಯಾರು ಎಂಬುದೂ ದಾಖಲಾಗಬೇಕು. ಓದಿ ಹೇಳುವ ಜಾಗ ಎಲ್ಲರೂ ಕೇಳಿಸಿಕೊಳ್ಳುವ ಜಗಲಿಯಾಗಿರಬಾರದು.

ಭದ್ರತೆ

ಭದ್ರತೆ ಎಂದೊಡನೆ ಗೂಢಲಿಪೀಕರಣ, ಪಾಸ್‌ವರ್ಡ್‌ಗಳು ನೆನಪಾಗುತ್ತವೆ. ಅವು ಅಗತ್ಯವೇ ಸರಿ. ಪ್ರತಿಯೊಬ್ಬ ಸಿಬ್ಬಂದಿಗೂ ಪ್ರತ್ಯೇಕ ಪ್ರವೇಶ, ಯಾರು ಯಾವ ದಾಖಲೆಯನ್ನು ತೆರೆದರು ಎಂಬ ಲೆಕ್ಕ, ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದುಪಡಿಸುವುದು, ಇವೂ ಅಷ್ಟೇ ಮುಖ್ಯ. ಆದರೆ ಮನೆಯೊಳಗಿನ ಗೋಪ್ಯತೆಯ ಬಗ್ಗೆ ಯೋಚಿಸುವವರು ಕಡಿಮೆ. ಅನೇಕ ಕುಟುಂಬಗಳಲ್ಲಿ ಒಂದೇ ಮೊಬೈಲ್ ಇರುತ್ತದೆ ಅಥವಾ ಮಹಿಳೆಯ ಹೆಸರಿನ ಮುಂದೆ ಗಂಡನದೋ ಮಗನದೋ ಸಂಖ್ಯೆ ಇರುತ್ತದೆ. ಹಿಂದಿನ ಗರ್ಭಪಾತ, ಮಾನಸಿಕ ಚಿಕಿತ್ಸೆ, ಲೈಂಗಿಕ ರೋಗಗಳ ಕುರಿತ ಪ್ರಶ್ನೆಗಳು ಆ ಸಂಖ್ಯೆಗೆ ಹೋದರೆ ತಂತ್ರಜ್ಞಾನ ಎಷ್ಟೇ ಭದ್ರವಾಗಿದ್ದರೂ ಗುಟ್ಟು ಉಳಿಯುವುದಿಲ್ಲ, ಅಥವಾ ಉತ್ತರ ಸತ್ಯವಾಗಿರುವುದಿಲ್ಲ. ಇಂಥ ಪ್ರಶ್ನೆಗಳನ್ನು ಮುಂಚಿತವಾಗಿ ಕಳುಹಿಸದೆ ವೈದ್ಯರ ಕೊಠಡಿಯಲ್ಲಿಯೇ ಕೇಳುವುದು ಉಚಿತ.

ಕಾಗದದ ಕಳ್ಳತನದಲ್ಲಿ ಒಂದು ಕಪಾಟು ಹೋಗಬಹುದು. ಡಿಜಿಟಲ್ ದಾಳಿಯಲ್ಲಿ ಎಲ್ಲವೂ ಒಟ್ಟಿಗೆ ಹೋಗಬಹುದು. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೇಲೆ ನಡೆದ ಸೈಬರ್ ದಾಳಿಯಲ್ಲಿ 5 ಸರ್ವರ್‌ಗಳು ಹಾನಿಗೊಳಗಾದವು. ಹೊರರೋಗಿ ನೋಂದಣಿ, ದಾಖಲಾತಿ, ಪ್ರಯೋಗಾಲಯ ಸೇವೆಗಳು ಹಲವು ದಿನ ಕೈಬರಹದಲ್ಲಿಯೇ ನಡೆದವು. ಮುಖ್ಯ ಜಾಲದಿಂದ ಬೇರ್ಪಡಿಸಿದ ಬ್ಯಾಕಪ್ ಇರಬೇಕು, ಅದನ್ನು ಆಗಾಗ ಮರುಸ್ಥಾಪಿಸಿ ನೋಡಬೇಕು ಎಂಬ ಸಲಹೆಯ ಜೊತೆಗೆ, ಮೇಜಿನ ಖಾನೆಯಲ್ಲಿ ಮುದ್ರಿತ ಖಾಲಿ ನಮೂನೆಗಳ ಒಂದು ಕಟ್ಟನ್ನು ಇಟ್ಟಿರಬೇಕೆಂಬ ಸಲಹೆಯೂ ಸೇರುವುದು ಈ ಕಾರಣಕ್ಕೆ. ಸೈಬರ್ ಭದ್ರತೆಯ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಅದಕ್ಕೆ ವರದಿ ಮಾಡಬೇಕು.

ಹಳೆಯ ಕಾಗದಗಳ ವಿಲೇವಾರಿ

ಡಿಜಿಟಲ್ ವ್ಯವಸ್ಥೆ ಬಂದೊಡನೆ ಹಳೆಯ ಕಡತಗಳನ್ನು ನಾಶಪಡಿಸುವಂತಿಲ್ಲ. ಒಳರೋಗಿಗಳ 3 ವರ್ಷಗಳ ಅವಧಿಯಲ್ಲದೆ, ಭ್ರೂಣಲಿಂಗ ಪತ್ತೆ ನಿಷೇಧ ಕಾನೂನಿನಡಿಯ ದಾಖಲೆಗಳಿಗೆ ಕನಿಷ್ಠ 2 ವರ್ಷಗಳ ಅವಧಿ ನಿಗದಿಯಾಗಿದೆ. ನ್ಯಾಯಾಲಯದಲ್ಲಿ ವ್ಯಾಜ್ಯವಿದ್ದರೆ ಅದು ಇತ್ಯರ್ಥವಾಗುವವರೆಗೆ ಕಾಗದವನ್ನು ಉಳಿಸಬೇಕು. ಅವಧಿ ಮುಗಿದ ಕಡತಗಳನ್ನು ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ, ಯಾವ ದಿನ ಯಾವ ಸಂಖ್ಯೆಯ ಕಡತಗಳನ್ನು ನಾಶಪಡಿಸಲಾಯಿತು ಎಂದು ಪುಸ್ತಕದಲ್ಲಿ ಬರೆದಿಡಬೇಕು. ರದ್ದಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಹಾಕಿದ ಕೇಸ್ ಷೀಟುಗಳು ಕಡಲೆಕಾಯಿಯ ಪೊಟ್ಟಣಗಳಾಗಿ ಊರೊಳಗೇ ಮರಳಿ ಬರುವ ಸಾಧ್ಯತೆ ಇದೆ.