ಎರಡು ನೀರು, ಒಂದೇ ಮನೆಯ ಹಲ್ಲು

ಮೊನ್ನೆ ಚಿಕ್ಕಪ್ಪನ ಮಗ ಊರಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದ. ಮೊಬೈಲಿನಲ್ಲಿ ಮೊಮ್ಮಗಳ ಫೋಟೋ ತೋರಿಸಿ, "ಅಣ್ಣಾ, ನೋಡಿಲ್ಲೆ, ಹೊಸಾ ಹಲ್ಲ ಬೆಳ್ಳಗ ಬಂದಾವು" ಅಂದ. ಏಳು ವರ್ಷದ ಹುಡುಗಿ ಬಾಯಿ ತುಂಬ ನಕ್ಕಿದ್ದಾಳೆ. ಅವನು ಮಾತ್ರ ಎಂದಿನಂತೆ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡೇ ನಕ್ಕ. ಹುಡುಗನಾಗಿದ್ದಾಗಿನಿಂದ ಅವನು ನಗುವುದೇ ಹಾಗೆ.

ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು, ಮುಂಡರಗಿ ತಾಲೂಕಿನ ಒಂದೇ ಮನೆಯಲ್ಲಿ. 1972ರ ಬರದಲ್ಲಿ ನಮ್ಮಪ್ಪ ಪರೇಲಿನ ಗಿರಣಿ ಕೆಲಸಕ್ಕೆ ಬಂದರು. ಆಗ ನನಗೆ ಎರಡು ವರ್ಷ. ಚಿಕ್ಕಪ್ಪ ಹೊಲ ನೋಡಿಕೊಂಡು ಊರಲ್ಲೇ ಉಳಿದರು. ನಾವು ಒಂಬತ್ತು ವರ್ಷದವರಿದ್ದಾಗ ಬೇಸಿಗೆ ರಜೆಗೆ ಅವನು ಮುಂಬಯಿಗೆ ಬಂದ. ಅವನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿ. ಚಾಳಿನ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. "ಹಲ್ಲ ತಿಕ್ಕೂದಿಲ್ಲೇನಲೇ?" ಅಂತ ಕೇಳಿದವನು ನಾನೇ. ಆಮೇಲೆ ಅವನಿಗೆ ನನ್ನ ಬಿನಾಕಾ ಪೇಸ್ಟು ಕೊಟ್ಟೆ (ಅದರ ಡಬ್ಬಿಯಲ್ಲಿ ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳು ನಿಮಗೂ ನೆನಪಿರಬಹುದು). ಮರುದಿನ ಸಾರ್ವಜನಿಕ ನಲ್ಲಿಯ ಹತ್ತಿರ ನಿಂತು ಒಸಡಿನಿಂದ ರಕ್ತ ಬರುವವರೆಗೂ ತಿಕ್ಕಿಕೊಂಡ. ಕಲೆ ಹೋಗಲಿಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿತ್ತು. ಅವನಿಗಿಂತ ಹತ್ತು ವರ್ಷ ದೊಡ್ಡವನಾದ ಅವನ ಅಣ್ಣನ ಹಲ್ಲು ಬೆಳ್ಳಗಿದ್ದವು. ಅದೇ ಮನೆ, ಅದೇ ಬೇವಿನಕಡ್ಡಿ, ಅದೇ ಜೋಳದ ರೊಟ್ಟಿ. ಹಾಗಾದರೆ ಬದಲಾದದ್ದು ಏನು?

ನೀರು! ಅಣ್ಣ ಬೆಳೆದದ್ದು ಕೆರೆ ಮತ್ತು ತೆರೆದ ಬಾವಿಯ ನೀರು ಕುಡಿದು. ಬರ ಬಂದು ಬಾವಿ ಬತ್ತಿದ ಮೇಲೆ ಊರಿಗೆ ಬೋರು ಕೊರೆಸಿ ಕೈಪಂಪು ಹಾಕಿದರು. ತಮ್ಮ ಕುಡಿದದ್ದು ಅದರ ನೀರು. ನೆಲದಾಳದ ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತದೆ. ಹಾಗಂತ ಬೋರನ್ನು ಬರೀ ಬೈಯುವಂತೆಯೂ ಇಲ್ಲ. ತೆರೆದ ಬಾವಿಯ ನೀರಿನಿಂದ ಬರುತ್ತಿದ್ದ ನಾರುಹುಣ್ಣು ನಮ್ಮ ದೇಶ ಬಿಟ್ಟು ಹೋಗುವುದಕ್ಕೆ ಈ ಕೈಪಂಪುಗಳೂ ಒಂದು ಕಾರಣ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಬಿ.ಕಾಂ. ಓದಿದ ನನಗೆ ಇದೆಲ್ಲ ತಿಳಿದದ್ದು ಬಹಳ ತಡವಾಗಿ. ಓದುತ್ತಾ ಹೋದಂತೆ ಹೊಟ್ಟೆ ಉರಿಯಿತು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ ಅಲ್ಲಿಯ ಮಕ್ಕಳ ಹಲ್ಲಿನಲ್ಲೂ ಇಂಥದೇ ಕಂದು ಕಲೆ ಕಂಡ. ಮೂವತ್ತು ವರ್ಷ ಅದರ ಬೆನ್ನು ಹತ್ತಿದ. ಕೊನೆಗೆ 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಇಂಥ ಊರುಗಳ ನೀರು ಪರೀಕ್ಷಿಸಿ ಕಾರಣ ಫ್ಲೋರೈಡ್ ಎಂದು ಕಂಡುಹಿಡಿದ. ನಮ್ಮಲ್ಲೇ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ಫ್ಲೋರೈಡ್‌ನಿಂದ ಜನರ ಮೂಳೆ ಬಗ್ಗಿಹೋಗಿದ್ದನ್ನು ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವರದಿ ಮಾಡಿದ್ದರು. ಅಂದರೆ ನಮ್ಮೂರಿಗೆ ಬೋರು ಬರುವುದಕ್ಕೆ 35 ವರ್ಷ ಮೊದಲೇ ವಿಷಯ ಗೊತ್ತಿತ್ತು. ನಮ್ಮೂರಿನ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಒಯ್ಯುವವರು ಮಾತ್ರ ಯಾರೂ ಇರಲಿಲ್ಲ.

ಇನ್ನೊಂದು ಸಂಗತಿ. ಮಕ್ಕಳ ಮುಂದಿನ ಶಾಶ್ವತ ಹಲ್ಲು ಹೊರಗೆ ಬರುವುದು ಆರೇಳು ವರ್ಷಕ್ಕೆ. ಆದರೆ ಒಸಡಿನ ಒಳಗೆ ಅದರ ಮೇಲ್ಪದರ ಹುಟ್ಟಿದ ಕೆಲವೇ ತಿಂಗಳಿಂದ ನಾಲ್ಕೈದು ವರ್ಷದೊಳಗೆ ತಯಾರಾಗುತ್ತದೆ. ಹಾಲುಹಲ್ಲಿನ ಬಹುಪಾಲು ತಾಯಿಯ ಹೊಟ್ಟೆಯಲ್ಲೇ ಆಗಿರುತ್ತದೆ, ಅದಕ್ಕೇ ಸಾಮಾನ್ಯವಾಗಿ ಬೆಳ್ಳಗಿರುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸಾಲ ಬರೆದದ್ದು ಎರಡನೇ ವರ್ಷದಲ್ಲಿ, ನೋಟಿಸು ಬಂದದ್ದು ಏಳನೇ ವರ್ಷದಲ್ಲಿ! ಅಷ್ಟು ಹೊತ್ತಿಗೆ ತಿಕ್ಕಿ ಏನು ಪ್ರಯೋಜನ?

ನಾನು ಪಾರಾದದ್ದು ನನ್ನ ಶಿಸ್ತಿನಿಂದಲ್ಲ, ಮುಂಬಯಿಯ ನಲ್ಲಿ ನೀರಿನಿಂದ. 1860ರ ವಿಹಾರ್, 1892ರ ತಾನ್ಸಾ, 1957ರ ವೈತರಣಾ... ಎಲ್ಲವೂ ಮಳೆನೀರು ತುಂಬುವ ಕೆರೆ, ಜಲಾಶಯಗಳು. ಬಂಡೆಯೊಳಗಿನ ನೀರಲ್ಲ.

ಆದರೆ ಮುಂಬಯಿಯ ಮಕ್ಕಳ ಹಲ್ಲಿಗೆ ಬೇರೆ ಶತ್ರು: ಬಿಸ್ಕೀಟು, ಚಾಕಲೇಟು, ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡೇ ನಿದ್ದೆ. ನನ್ನ ಮಗಳಿಗೆ ಏಳು ವರ್ಷವಾಗಿದ್ದಾಗ ಹಿಂದಿನ ದವಡೆ ಹಲ್ಲು ಹುಳುಕಾಯಿತು. ಹಾಲುಹಲ್ಲು ತಾನೆ, ಬಿದ್ದುಹೋಗುತ್ತದೆ ಎಂದು ಸುಮ್ಮನಿದ್ದೆವು. ಅದು ಹಾಲುಹಲ್ಲೇ ಅಲ್ಲ ಎಂದರು ಡಾಕ್ಟರು. ಯಾವ ಹಲ್ಲೂ ಬೀಳದೆ ಆರನೇ ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಬರುವ ಶಾಶ್ವತ ಹಲ್ಲು ಅದು.

ತಮಾಷೆ ಏನೆಂದರೆ ಈ ಹುಳುಕಿಗೆ ತಡೆ ಅದೇ ಫ್ಲೋರೈಡ್! ನೀರಿನಲ್ಲಿ ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೆಯೂ ಅಷ್ಟಾಗಿ ಕಾಣದು, ಹುಳುಕೂ ಕಡಿಮೆ ಎಂದು ಅಮೆರಿಕದ ಡೀನ್ ತೋರಿಸಿದ. 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನ ನೀರಿಗೆ ಬೇಕೆಂದೇ ಬೆರೆಸಿದರು. ನಮ್ಮಲ್ಲಿ ಅದು ಪೇಸ್ಟಿನ ಮೂಲಕ ಬಂತು. ಅದಕ್ಕೂ ಅಳತೆ ಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ನುಂಗದೆ ಉಗುಳಲು ಕಲಿಸಬೇಕು.

ನಮ್ಮ ಉಪನಗರಗಳ ಎಷ್ಟೋ ಸೊಸೈಟಿಗಳಲ್ಲಿ ಈಗ ಬೋರು ಮತ್ತು ಟ್ಯಾಂಕರಿನ ನೀರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಅದನ್ನೇ ಕುಡಿಯುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ಊರಿನಲ್ಲೀಗ ಶುದ್ಧ ನೀರಿನ ಘಟಕವಿದೆ. ಮೊಮ್ಮಗಳು ಹುಟ್ಟಿದಾಗಿನಿಂದ ತಮ್ಮ ದಿನಾ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋಗಿ ಅಲ್ಲಿಂದ ನೀರು ತಂದಿದ್ದಾನೆ. ಬೇಸಿಗೆ, ಮಳೆ ಒಂದು ದಿನವೂ ತಪ್ಪಿಸಿಲ್ಲವಂತೆ. ಆ ಫೋಟೋ ನೋಡಿ ನಾನು, "ಅವತ್ತ ಚಾಳಿನ್ಯಾಗ ನಿನ್ನ ಕಂಡು ನಕ್ಕಿದ್ದೆ, ತಪ್ಪಾತೋ" ಅಂದೆ. "ಹೋಗ್ಲಿ ಬಿಡೋ ಅಣ್ಣಾ, ನಿನಗರ ಏನ್ ಗೊತ್ತಿತ್ತು" ಅಂದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ನಿಮ್ಮೂರಿನ ನೀರು ಹೇಗಿದೆ? ಮುಂದಿನ ಸಲ ಊರಿಗೆ ಹೋದಾಗ ಅಲ್ಲಿಯ ಮಕ್ಕಳನ್ನು ಒಮ್ಮೆ ನಗಿಸಿ ನೋಡಿ.