ಕೀಲಿಕೈ ಯಾರದು?

ನಮ್ಮ ಸರ್ಕಾರಿ ಖಜಾನೆಗಳಲ್ಲಿ ಹಿಂದಿನಿಂದ ಬಂದ ‘ಡಬಲ್ ಲಾಕ್’ ಎಂಬ ಪದ್ಧತಿಯೊಂದುಂಟು. ಭದ್ರಕೋಣೆಗೆ ಬೀಗ ಎರಡು. ಕೀಲಿಕೈಗಳು ಇಬ್ಬರು ಬೇರೆ ಬೇರೆ ನೌಕರರ ವಶದಲ್ಲಿ. ಇಬ್ಬರೂ ಕೂಡದೆ ಬಾಗಿಲು ತೆರೆಯದು. ಒಬ್ಬರಿಗೆ ವರ್ಗವಾದರೆ ಕೀಲಿಕೈಯನ್ನು ಮುಂದಿನವರಿಗೆ ಒಪ್ಪಿಸಿಯೇ ಹೊರಡಬೇಕು. ಅದು ಹುದ್ದೆಯ ಸ್ವತ್ತೇ ಹೊರತು ಮನುಷ್ಯನದಲ್ಲ. ಇಷ್ಟು ಸರಳವಾದ ಮಾತನ್ನು ಕಂಪ್ಯೂಟರು ಚೆನ್ನಾಗಿ ಕಲಿಯಲು ಮೂವತ್ತು ವರ್ಷ ಹಿಡಿಯಿತೆಂದರೆ ಸೋಜಿಗವಲ್ಲವೆ?

ಮೊದಲ ಕಂಪ್ಯೂಟರುಗಳಿಗೆ ಒಳಬೀಗ ಬೇಕಿರಲಿಲ್ಲ. ಒಂದು ಹೊತ್ತಿಗೆ ಒಬ್ಬರ ಕೆಲಸ. ಕೋಣೆಯ ಬಾಗಿಲು ಹಾಕಿದರೆ ಸಾಕಿತ್ತು. 1961ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಬಹುದೆಂದು ತೋರಿಸಿಕೊಟ್ಟರು. ಒಂದು ಮನೆಯಲ್ಲಿ ಹಲವು ಬಿಡಾರ ಹೂಡಿದಂತಾಯಿತು. ಅವರವರ ಕಡತ ಅವರವರಿಗೇ ಇರಲೆಂದು ಪ್ರತಿಯೊಬ್ಬರಿಗೂ ಒಂದು ಖಾತೆ, ಒಂದು ಪಾಸ್‌ವರ್ಡ್ ಬಂದವು.

ಬೀಗದ ಬೆನ್ನಿಗೇ ಅದನ್ನು ತೆರೆಯುವ ಜಾಣರೂ ಬಂದರು. ತನಗೆ ಗೊತ್ತುಮಾಡಿದ್ದ ಯಂತ್ರದ ವೇಳೆ ಸಾಲದೆ, ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ 1962ರಲ್ಲಿ ಪಾಸ್‌ವರ್ಡ್‌ಗಳ ಕಡತವನ್ನೇ ಅಚ್ಚುಹಾಕಿಕೊಡೆಂದು ಯಂತ್ರವನ್ನು ಕೇಳಿದ. ಅದು ವಿಧೇಯವಾಗಿ ಅಚ್ಚುಹಾಕಿಕೊಟ್ಟಿತು! 1966ರಲ್ಲಿ ಇನ್ನೊಂದು ಅವಾಂತರ: ಎರಡು ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆ ಕಾಣಬೇಕಾದಲ್ಲಿ ಎಲ್ಲರ ಪಾಸ್‌ವರ್ಡ್‌ಗಳೂ ಎಲ್ಲರಿಗೂ ಕಾಣಿಸಿದವು.

ಒಳಗೆ ಬಂದವನು ಯಾರೆಂದು ತಿಳಿದರೆ ಸಾಲದು, ಏನು ಮುಟ್ಟಬಹುದೆಂಬುದೂ ಗೊತ್ತಾಗಬೇಕು. 1965ರಲ್ಲಿ ಯೋಜನೆ ಪ್ರಕಟವಾದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಅದನ್ನು ಬಳಸಬಹುದಾದವರ ಪಟ್ಟಿಯಿತ್ತು. 1970ರ ದಶಕದ ಯೂನಿಕ್ಸ್ ಇದನ್ನು ಹಗುರಮಾಡಿತು: ಒಡೆಯ, ಗುಂಪು, ಉಳಿದವರು ಎಂದು ಮೂರು ವರ್ಗ, ಓದುವುದು, ಬರೆಯುವುದು, ನಡೆಸುವುದು ಎಂದು ಮೂರು ಹಕ್ಕು. ಯಾರಿಗೂ ಕೆಲಸಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚಿನ ಅಧಿಕಾರ ಸಲ್ಲದೆಂಬ ಸೂತ್ರವನ್ನು 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಸ್ಪಷ್ಟವಾಗಿ ಬರೆದಿಟ್ಟರು.

ಆದರೆ ಸಾವಿರ ಜನರ ಕಚೇರಿಯಲ್ಲಿ ಹೆಸರು ಹೆಸರಿಗೂ ಹಕ್ಕು ಬರೆಯುತ್ತ ಕೂತರೆ ಗತಿಯೇನು? ಲೆಕ್ಕಪತ್ರದ ಗುಮಾಸ್ತ ಉಗ್ರಾಣಕ್ಕೆ ವರ್ಗವಾದ. ಹೊಸ ಹಕ್ಕು ಸೇರಿತು, ಹಳೆಯದನ್ನು ತೆಗೆಯುವುದು ಮರೆತುಹೋಯಿತು. ಹತ್ತು ವರ್ಷಕ್ಕೆ ಅವನ ಸೊಂಟದಲ್ಲಿ ಊರಿನ ಕೀಲಿಕೈಯೆಲ್ಲ! ಇದಕ್ಕೆ ಅಲ್ಲಲ್ಲಿ ರೂಢಿಯಲ್ಲಿದ್ದ ಪರಿಹಾರವನ್ನು ಡೇವಿಡ್ ಫೆರಾಯಿಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಶಾಸ್ತ್ರಬದ್ಧಗೊಳಿಸಿದರು. ಹಕ್ಕನ್ನು ಹುದ್ದೆಗೆ ಕೊಡಿ, ಮನುಷ್ಯನನ್ನು ಹುದ್ದೆಯಲ್ಲಿ ಕೂರಿಸಿ. ಹುದ್ದೆ ಬಿಟ್ಟರೆ ಹಕ್ಕೂ ಬಿಟ್ಟಿತು. ಬಿಲ್ಲು ಬರೆದವನೇ ಅದನ್ನು ಮಂಜೂರು ಮಾಡದಂತೆಯೂ ತಡೆಯಬಹುದು. ಈ ಕ್ರಮ 2004ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಸುತ್ತಿ ಸುತ್ತಿ ಬಂದುದು ಖಜಾನೆಯ ಎರಡು ಬೀಗಕ್ಕೇ.

ಇಷ್ಟಾದರೂ ಮೇಲಧಿಕಾರಿಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿದರೆ ಯಾವ ಶಾಸ್ತ್ರವೂ ಕಾಯದು. ಬೀಗವಿರುವುದು ಕಳ್ಳನಿಗಾಗಿ ಮಾತ್ರವಲ್ಲ. ನಾಳೆ ಲೆಕ್ಕ ತಪ್ಪಿದಾಗ “ಇದು ನನ್ನ ಕೈಯಿಂದಾದುದಲ್ಲ” ಎಂದು ಪ್ರಾಮಾಣಿಕನೊಬ್ಬನು ತಲೆಯೆತ್ತಿ ಹೇಳಬೇಕಾದರೆ, ಅವನ ಕೀಲಿಕೈ ಅವನಲ್ಲಿಯೇ ಇದ್ದಿರಬೇಕು.