ತುರುಗೊಳ್‌ನಿಂದ ತೆರೆಯ ಮೇಲಿನ ಕಾಳಗದವರೆಗೆ: ಶಿಕಾರಿಪುರ–ಸೊರಬ ಸೀಮೆ ಮತ್ತು ಯುದ್ಧಾಭ್ಯಾಸದ ಚರಿತ್ರೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೆಲವು ಶಾಸನಗಳು ಬನವಾಸಿ ಪನ್ನಿರ್ಚ್ಛಾಸಿರ ಎಂದು ಕರೆಯುವ ಹಳೆಯ ಪ್ರಾಂತ್ಯಕ್ಕೆ ಸೇರಿದ್ದು, ನಾಗರಖಂಡ, ಜಿಡ್ಡುಳಿಗೆ, ಎಡೆನಾಡು ಮೊದಲಾದ ಕಂಪಣಗಳಾಗಿ, ಅಂದರೆ ಹತ್ತಾರು ಹಳ್ಳಿಗಳನ್ನೊಳಗೊಂಡ ಸಣ್ಣ ಆಡಳಿತ ಘಟಕಗಳಾಗಿ, ಹಂಚಿಹೋಗಿತ್ತು. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಈ ತಾಲ್ಲೂಕುಗಳ ಶಾಸನಗಳನ್ನು ಓದುತ್ತ ಹೋದವರಿಗೆ ದೇವಾಲಯಗಳ ದತ್ತಿಗಳ ನಡುನಡುವೆ ಮತ್ತೆ ಮತ್ತೆ ಎದುರಾಗುವುದು ವೀರಗಲ್ಲುಗಳ ಬರಹ. ತುರುಗೊಳ್, ಎಂದರೆ ದನಗಳ ಅಪಹರಣ, ನಡೆದಾಗ ಬೆನ್ನಟ್ಟಿ ಹೋಗಿ ದನಗಳನ್ನು ಮರಳಿಸಿ ಮಡಿದವರು, ಊರಳಿವಿನಲ್ಲಿ, ಎಂದರೆ ಊರಿಗೆ ಊರೇ ದಾಳಿಗೆ ಸಿಕ್ಕಾಗ, ಕಾದಿ ಸತ್ತವರು ಇವುಗಳ ನಾಯಕರು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲೆಳೆದು ಅಥವಾ ಕತ್ತಿ-ಗುರಾಣಿ ಹಿಡಿದು ನಿಂತ ವೀರನೂ ಒತ್ತೊತ್ತಾಗಿ ಕಡೆದ ದನಗಳೂ ಕಾಣುತ್ತವೆ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಲಿಂಗದ ಸನ್ನಿಧಿ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂಬ ಭೂದಾನವೂ ಸಲ್ಲುತ್ತಿತ್ತು. ಇಷ್ಟೆಲ್ಲ ವಿವರ ಕೊಡುವ ಕಲ್ಲು, ಅವನು ಬಿಲ್ಲು ಹಿಡಿಯುವುದನ್ನು ಎಲ್ಲಿ, ಯಾರಿಂದ, ಎಷ್ಟು ಸಲ ಗುರಿ ತಪ್ಪಿ ಕಲಿತ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಕಾದಾಟದ ಕಲಿಕೆಗೆ ಬೇಕಾದ ಮೊದಲ ಸೌಕರ್ಯವೆಂದರೆ ಸೋತವನು ಬದುಕಿ ಉಳಿದು ಮರುದಿನ ಮತ್ತೆ ಬರುವ ಅವಕಾಶ. ತುರುಗೊಳಿನಲ್ಲಿ ಅಂಥ ಅವಕಾಶವಿರಲಿಲ್ಲ. ಅಲ್ಲಿ ಮಾಡಿದ ತಪ್ಪಿನಿಂದ ಕಲಿಯುವವನು ಸತ್ತವನಲ್ಲ, ಅವನ ಪಕ್ಕದಲ್ಲಿದ್ದವನು. ಇಂದು ಹಲವರು ಸೇರಿ ಆಡುವ ಬಂದೂಕಿನ ವಿಡಿಯೋ ಆಟಗಳಲ್ಲಿ, ಅದರಲ್ಲೂ ಆಟಗಾರನ ಕಣ್ಣಿಗೆ ಕಾಣುವಷ್ಟನ್ನೇ ತೆರೆಯ ಮೇಲೆ ತೋರಿಸುವ ಫಸ್ಟ್ ಪರ್ಸನ್ ಶೂಟರ್ ಎಂಬ ಬಗೆಯಲ್ಲಿ, ಕೈ ಪಳಗಿಸಿಕೊಳ್ಳುವ ವಿಧಾನಗಳನ್ನು ಕುರಿತು ನಡೆಯುವ ಚರ್ಚೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ, ಅದು ತಂತ್ರಜ್ಞಾನದ ಮಾತಾಗಿರುವುದಕ್ಕಿಂತ ಹೆಚ್ಚಾಗಿ ಸೋಲಿನ ಬೆಲೆಯನ್ನು ಎಷ್ಟಕ್ಕೆ ಇಳಿಸಬೇಕು ಎಂಬ ಹಳೆಯ ಪ್ರಶ್ನೆಯ ಮುಂದುವರಿಕೆಯಾಗಿ ತೋರುತ್ತದೆ.

ಈ ಸೀಮೆಯಲ್ಲಿ ಯುದ್ಧ ಕಲಿತವನೊಬ್ಬನ ವೃತ್ತಾಂತ ಸಿಗುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ 5ನೆಯ ಶತಮಾನದ ಸ್ತಂಭಶಾಸನದಲ್ಲಿ. ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಅಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆಯವನೊಡನೆ ನಡೆದ ಜಗಳದಿಂದ ಅವಮಾನಗೊಂಡು, ದರ್ಭೆ ಸಮಿತ್ತುಗಳನ್ನು ಹಿಡಿದ ಕೈಯಲ್ಲಿ ಕತ್ತಿ ಹಿಡಿದನೆಂದು ಕವಿ ಕುಬ್ಜ ಅಲ್ಲಿ ಬಣ್ಣಿಸುತ್ತಾನೆ. ಗಮನಿಸಬೇಕಾದದ್ದು ಮುಂದಿನ ಭಾಗ: ಅವನು ನೇರವಾಗಿ ಕಂಚಿಯ ಮೇಲೆ ಬೀಳಲಿಲ್ಲ, ಮೊದಲು ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ಕಡೆಯ ದಟ್ಟ ಕಾಡನ್ನು ನೆಲೆ ಮಾಡಿಕೊಂಡು, ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ಕಿತ್ತು, ಆಮೇಲೆ ಪಲ್ಲವರಿಗೆ ಎದುರಾದನು. ದೊಡ್ಡ ಸೈನ್ಯಕ್ಕೆ ಗೊತ್ತಿಲ್ಲದ ನೆಲವನ್ನು ತಾನು ಚೆನ್ನಾಗಿ ಅರಿತಿರುವುದೇ ಅವನ ಬಲವಾಗಿತ್ತು.

ಇದೇ ಸೀಮೆಯ ಬಳ್ಳಿಗಾವೆಯ ಕೋಡಿಯಮಠದಲ್ಲಿ ನಡೆಯುತ್ತಿದ್ದ ಪಾಠಗಳನ್ನು 1162ರ ಶಾಸನ ಹೆಸರಿಸುವಾಗ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳು ಬರುತ್ತವೆಯೇ ಹೊರತು ಕತ್ತಿವರಸೆ ಬರುವುದಿಲ್ಲ. ಅರಮನೆಯ ಮಟ್ಟದಲ್ಲಿ ಆ ವಿದ್ಯೆಗೆ ಗ್ರಂಥಗಳಿದ್ದವು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಶಸ್ತ್ರವಿನೋದ, ಮಲ್ಲವಿನೋದ, ಬೇಟೆ ಇವುಗಳಿಗೆ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟಿದೆ, ಮುಂದೆ ಈ ಸೀಮೆಯನ್ನಾಳಿದ ಕೆಳದಿ ಅರಸರಲ್ಲಿ ಬಸವಪ್ಪ ನಾಯಕನು 1709ರಲ್ಲಿ ರಚಿಸಿದ ಶಿವತತ್ತ್ವರತ್ನಾಕರವೂ ಇದೇ ಬಗೆಯ ವಿಶ್ವಕೋಶ. ಹಳ್ಳಿಯ ಬಿಲ್ಲುಗಾರನಿಗೆ ಇವು ಸಂಸ್ಕೃತದ ದೂರದ ಮಾತುಗಳಾಗಿದ್ದವೆಂದೇ ಊಹಿಸಬೇಕು.

ಅವನ ಮಟ್ಟದಲ್ಲಿ ಕಲಿಕೆಗೆ ಇದ್ದ ಎರಡು ತಾಣಗಳು ಗರಡಿ ಮತ್ತು ಕಾಡು. ಗರಡಿಯಲ್ಲಿ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ ಹದಮಾಡುವುದು ಪೂಜೆಗೆಂದಷ್ಟೇ ಅಲ್ಲ, ಬಿದ್ದವನ ಬೆನ್ನು ಮುರಿಯದಿರಲೆಂದು. ಉಸ್ತಾದರು ಒಂದೇ ಪಟ್ಟನ್ನು ಹತ್ತಾರು ಸಲ ಹಾಕಿಸಿ, ಚಿತ್ತಾದವನನ್ನು ಎಬ್ಬಿಸಿ ಮತ್ತೆ ಜೋಡಿಗೆ ನಿಲ್ಲಿಸುವುದು ಸಾಧ್ಯವಾಗುತ್ತಿದ್ದುದು ಆ ಮೆತ್ತನೆಯ ಮಣ್ಣಿನಿಂದ. ಮಲೆನಾಡಿನ ಸೋವು ಬೇಟೆಯದು ಬೇರೆ ಪಾಠ. ಅಲ್ಲಿ ಒಂದು ಗುಂಪು ಕೂಗುತ್ತ, ಪೊದೆ ಬಡಿಯುತ್ತ ಹಳುವನ್ನು ಸೋವಿಕೊಂಡು ಬರುತ್ತಿತ್ತು. ಇನ್ನೊಂದು ಗುಂಪಿನವರು ಪ್ರಾಣಿ ಹಾಯುವ ಕಂಡಿಗಳಲ್ಲಿ ಬಿಲ್ಲಿಗೆ ನಿಲ್ಲುತ್ತಿದ್ದರು, ಅಂದರೆ ಗೊತ್ತುಪಡಿಸಿದ ಜಾಗದಲ್ಲಿ ಕಾದು ಕೂರುತ್ತಿದ್ದರು. ಬಿಲ್ಲಿಗೆ ನಿಂತವನು ಜಾಗ ಬಿಡುವಂತಿರಲಿಲ್ಲ, ಸೋವುವವರ ದಿಕ್ಕಿಗೆ ಗುಂಡು ಹಾರಿಸುವಂತಿರಲಿಲ್ಲ, ಎಲೆಯ ಸದ್ದಿನಿಂದಲೇ ಬರುವುದು ಹಂದಿಯೋ ಕಾಡುಕುರಿಯೋ ಮನುಷ್ಯನೋ ಎಂದು ತಿಳಿಯಬೇಕಿತ್ತು. ಗುರಿಗಾರನ ಕೈಗಿಂತ ಅವನ ತಾಳ್ಮೆಯೂ ಕಿವಿಯೂ ಇಲ್ಲಿ ಹೆಚ್ಚು ಪಳಗುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಈ ಬೇಟೆ ಅಪರಾಧವಾಯಿತು, ಅದು ಆಗಬೇಕಾದದ್ದೇ. ದೀಪಾವಳಿಯ ಬೆನ್ನಿಗೆ ಈ ತಾಲ್ಲೂಕುಗಳಲ್ಲಿ ನಡೆಯುವ ಹೋರಿ ಹಬ್ಬದಲ್ಲಿ, ಓಡುವ ಹೋರಿಯ ಕೊರಳಿನ ಕೊಬ್ಬರಿ ಹಾರಕ್ಕೆ ಕೈಹಾಕುವ ಯುವಕರಿಗೆ ಮಾತ್ರ ಸೋಲಿನ ಬೆಲೆ ಇನ್ನೂ ಇಳಿದಿಲ್ಲ.

ಸೋಲಿನ ಬೆಲೆಯನ್ನು ಪೂರ್ತಿ ಶೂನ್ಯಕ್ಕೆ ಇಳಿಸಿದ್ದು ಕಂಪ್ಯೂಟರ್. 1973–74ರ ಸುಮಾರಿಗೆ ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರದಲ್ಲಿ ವಿದ್ಯಾರ್ಥಿಗಳು ರೂಪಿಸಿದ ಮೇಜ್ ವಾರ್ ಎಂಬ ಆಟದಿಂದ ಫಸ್ಟ್ ಪರ್ಸನ್ ಶೂಟರ್ ಬಗೆ ಆರಂಭವಾಯಿತಾದರೂ, ಅದು ಜನಬಳಕೆಗೆ ಬಂದದ್ದು 1993ರ ಡಿಸೆಂಬರಿನಲ್ಲಿ ಹೊರಬಂದ ಡೂಮ್‌ನಿಂದ. ಜಾಲದಲ್ಲಿ ಜೋಡಿಸಿದ ಕಂಪ್ಯೂಟರುಗಳಲ್ಲಿ ನಾಲ್ವರವರೆಗೆ ಪರಸ್ಪರ ಕಾದಾಡುವ ಇದರ ರೂಪಕ್ಕೆ ಡೆತ್‌ಮ್ಯಾಚ್ ಎಂಬ ಹೆಸರು ಬಂತು. ಸತ್ತವನು ಮರುಕ್ಷಣವೇ ಬೇರೊಂದು ಮೂಲೆಯಲ್ಲಿ ಮತ್ತೆ ಹುಟ್ಟುತ್ತಿದ್ದನು, ಇದಕ್ಕೆ ರೀಸ್ಪಾನ್ ಎಂದು ಹೆಸರು. 1996ರ ಕ್ವೇಕ್ ಆಟ ಇದನ್ನು ಇಂಟರ್‌ನೆಟ್ಟಿಗೆ ಒಯ್ದಿತು. ಮರುವರ್ಷ ನಡೆದ ಕ್ವೇಕ್ ಪಂದ್ಯಾವಳಿಯೊಂದರಲ್ಲಿ ಗೆದ್ದು, ಆಟದ ನಿರ್ಮಾಪಕ ಜಾನ್ ಕಾರ್ಮಾಕ್ ಅವರ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದ ಡೆನಿಸ್ ಫಾಂಗ್, ಎಡಗೈಯಿಂದ ಕೀಲಿಮಣೆಯ ಡಬ್ಲ್ಯೂ, ಎ, ಎಸ್, ಡಿ ಕೀಲಿಗಳಲ್ಲಿ ಹೆಜ್ಜೆಯನ್ನೂ ಬಲಗೈಯ ಮೌಸಿನಿಂದ ನೋಟವನ್ನೂ ನಡೆಸುವ ಕ್ರಮವನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಹೊಡೆಸಿಕೊಂಡವನಿಗೆ ನಷ್ಟವಿಲ್ಲದ ಈ ಆಟಗಳಲ್ಲಿ ಕೈಯ ಚುರುಕು ಅಪಾರವಾಗಿ ಬೆಳೆಯಿತು. ಕಾಯುವ ಗುಣ ಬೆಳೆಯುವ ಕಾರಣವೇ ಇರಲಿಲ್ಲ.

ಆ ಕೊರತೆಯನ್ನು ತುಂಬಿದ್ದು, 1999ರಲ್ಲಿ ಹಾಫ್-ಲೈಫ್ ಎಂಬ ಆಟವನ್ನು ಮಾರ್ಪಡಿಸಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ರೂಪಿಸಿದ ಕೌಂಟರ್-ಸ್ಟ್ರೈಕ್. ಇಲ್ಲಿ ಎರಡು ತಂಡಗಳು ಸುತ್ತು ಸುತ್ತಾಗಿ ಆಡುತ್ತವೆ, ಸತ್ತವನು ಆ ಸುತ್ತು ಮುಗಿಯುವ ತನಕ ಮರಳುವಂತಿಲ್ಲ. ಇಷ್ಟು ಚಿಕ್ಕ ಬದಲಾವಣೆ ಕಲಿಕೆಯ ಸ್ವರೂಪವನ್ನೇ ತಿರುಗಿಸಿತು. ಸಾವಿಗೆ ಮತ್ತೆ ಸ್ವಲ್ಪ ಬೆಲೆ ಬಂದದ್ದರಿಂದ ಓಡುವುದಕ್ಕಿಂತ ನಿಲ್ಲುವುದು, ಹೊಡೆಯುವುದಕ್ಕಿಂತ ಕೇಳಿಸಿಕೊಳ್ಳುವುದು ಮುಖ್ಯವಾಯಿತು. ಓಡುತ್ತ ಹಾರಿಸಿದ ಗುಂಡು ಎತ್ತಲೋ ಹೋಗುವಂತೆಯೂ, ಓಟದ ಹೆಜ್ಜೆಯ ಸದ್ದು ಎದುರಾಳಿಗೆ ಕೇಳುವಂತೆಯೂ, ಮೆಲ್ಲನೆ ನಡೆದರೆ ಕೇಳದಂತೆಯೂ ಆಟವನ್ನು ರೂಪಿಸಲಾಗಿತ್ತು. ನುರಿತವನು ತೆರೆಯ ನಡುವಿನ ಗುರಿಗೆರೆಯನ್ನು, ಅಂದರೆ ಕ್ರಾಸ್‌ಹೇರನ್ನು, ನೆಲದ ಮೇಲೆ ಬಿಡದೆ ಗೋಡೆಯಂಚಿನಲ್ಲಿ ಆಳಿನ ತಲೆಯ ಎತ್ತರಕ್ಕೆ ಇಟ್ಟುಕೊಂಡೇ ನಡೆಯುತ್ತಾನೆ, ಎದುರಾಳಿ ಹೊರಬಂದಾಗ ಕೈ ಹೆಚ್ಚು ಅಲುಗದಿರಲೆಂದು. ಎಕೆ-47ರಿಂದ ಒಂದೇ ಸಮನೆ ಹೊಡೆದಾಗ ಗುಂಡುಗಳು ಮೇಲೇರುವುದರಿಂದ ಮೌಸನ್ನು ಅದೇ ಲಯದಲ್ಲಿ ತನ್ನತ್ತ ಎಳೆಯುತ್ತಾನೆ, ದೂರದ ಗುರಿಗಾದರೆ ಎರಡು ಮೂರು ಗುಂಡಿಗೆ ನಿಲ್ಲಿಸುತ್ತಾನೆ. ಸತ್ತವನಿಗೂ ಒಂದು ಪಾಠವಿತ್ತು: ಉಳಿದ ಸುತ್ತಿನಲ್ಲಿ ಅವನು ಬದುಕಿರುವ ಜೊತೆಗಾರನ ಕಣ್ಣಿನಿಂದಲೇ ಆಟ ನೋಡಬಹುದಾಗಿತ್ತು. ವೀರಗಲ್ಲಿನ ಶಿಲ್ಪಿ ವೀರನನ್ನು ಹೊರಗಿನಿಂದ, ನೋಡುವವರ ಸಲುವಾಗಿ ತೋರಿಸುತ್ತಾನೆ. ಇಲ್ಲಿ ಸತ್ತವನೇ ನೋಡುಗನಾಗಿ, ತಾನು ಬಿದ್ದ ಮೂಲೆಯನ್ನು ಇನ್ನೊಬ್ಬ ಹೇಗೆ ದಾಟಿದನೆಂದು ತಿಳಿಯುತ್ತಾನೆ. ಯಾವ ಗರಡಿಯಲ್ಲೂ ಇಲ್ಲದ ಸೌಕರ್ಯ ಇದು.

ಕರ್ನಾಟಕದಲ್ಲಿ ಇಂಟರ್‌ನೆಟ್ ಕೂಟದ ಜಾಗವಾಗಿ ಮೊದಲು ಹೆಸರು ಮಾಡಿದ್ದರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ತೆರೆದ ಕೆಫೆ ಕಾಫಿ ಡೇ ಒಂದು. ಅನಂತರದ ವರ್ಷಗಳಲ್ಲಿ ನಗರಗಳ ಸೈಬರ್ ಕೆಫೆಗಳು ಗಂಟೆಗಿಷ್ಟೆಂದು ಹಣ ಪಡೆದು ಇಂಥ ಆಟಗಳಿಗೆ ಕಂಪ್ಯೂಟರು ಕೊಡುತ್ತಿದ್ದವು. ಒಂದೇ ಕೋಣೆಯಲ್ಲಿ ಸಾಲಾಗಿ ಕೂತವರು ಪಕ್ಕದವನ ಕೈ ನೋಡಿ ಕಲಿಯುತ್ತಿದ್ದರು. ತಾಲ್ಲೂಕು ಊರುಗಳಿಗೂ ಹಳ್ಳಿಗಳಿಗೂ ಈ ಆಟಗಳು ವ್ಯಾಪಕವಾಗಿ ತಲುಪಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ, 2018ರ ಪಬ್‌ಜಿ ಮೊಬೈಲ್‌ನಿಂದ. ಅದರಲ್ಲಿ ಪಾತ್ರವನ್ನು ಬೆನ್ನ ಹಿಂದಿನಿಂದ ನೋಡುವುದೇ ಹೆಚ್ಚು ಬಳಕೆಯಾದರೂ ಕಣ್ಣಿನ ನೋಟದ ಬಗೆಯೂ ಇದೆ. ನೂರು ಮಂದಿ ಒಂದು ದ್ವೀಪಕ್ಕೆ ಇಳಿದು, ಕುಗ್ಗುತ್ತ ಬರುವ ವೃತ್ತದೊಳಗೆ ಕೊನೆಯವರಾಗಿ ಉಳಿಯಲು ಹೆಣಗುವ ಈ ಆಟದಲ್ಲಿ ಒಂದು ತಪ್ಪಿಗೆ ಅರ್ಧ ಗಂಟೆಯ ಶ್ರಮ ಹೋಗುತ್ತದೆ. ಆದ್ದರಿಂದ ಸಾವಿನ ಬೆಲೆ ಕೌಂಟರ್-ಸ್ಟ್ರೈಕಿಗಿಂತಲೂ ಏರಿತು, ಅಭ್ಯಾಸದ ಜಾಗವನ್ನು ಪ್ರತ್ಯೇಕಿಸಬೇಕಾಯಿತು: ನಾಲ್ವರ ಎರಡು ತಂಡಗಳು ಚಿಕ್ಕ ಅಂಗಳದಲ್ಲಿ ಸತ್ತು ಹುಟ್ಟುತ್ತ 40 ಹತ್ಯೆಗಳ ಗುರಿ ಮುಟ್ಟುವ ಟೀಮ್ ಡೆತ್‌ಮ್ಯಾಚ್ ಬೆರಳು ಪಳಗಿಸುವ ಗರಡಿಯಾದರೆ, ಎಂಟು ಕಿಲೋಮೀಟರು ಉದ್ದ, ಅಷ್ಟೇ ಅಗಲದ ಎರಾಂಗೆಲ್ ದ್ವೀಪ ನಿಜವಾದ ಕಣವಾಯಿತು. ಎರಡು ಹೆಬ್ಬೆರಳಿನ ಹಿಡಿತ ಬಿಟ್ಟು ನಾಲ್ಕು ಬೆರಳುಗಳ ಹಿಡಿತಕ್ಕೆ ಬರುವುದು, ಫೋನನ್ನೇ ವಾಲಿಸಿ ಗುರಿ ತಿದ್ದುವ ಜೈರೋಸ್ಕೋಪ್ ಬಳಸುವುದು ಇವೆಲ್ಲ ಮೊದಲನೆಯದರಲ್ಲಿ ಬರುವ ವಿದ್ಯೆ. ಎಲ್ಲಿ ಇಳಿಯಬೇಕು, ವೃತ್ತದ ಅಂಚಿನಲ್ಲಿ ಯಾವ ಗುಡ್ಡ ಹಿಡಿಯಬೇಕು, ಮೂರನೆಯ ತಂಡ ಬರುವ ಮುನ್ನ ಕಾಳಗ ಬಿಟ್ಟು ಹೇಗೆ ಸರಿಯಬೇಕು ಎಂಬುದು ಎರಡನೆಯದರಲ್ಲಲ್ಲದೆ ಬರುವುದಿಲ್ಲ. ಮೊದಲನೆಯದರಲ್ಲೇ ದಿನ ಕಳೆದವರು ಎರಡನೆಯದರಲ್ಲಿ ಬೇಗ ಬೀಳುವುದಕ್ಕೆ ಕಾರಣವೂ ಇದೇ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿ ಮೊಬೈಲ್ ಅವುಗಳಲ್ಲೊಂದಾಗಿತ್ತು. 2021ರ ಜುಲೈನಲ್ಲಿ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಎರಾಂಗೆಲ್ ದ್ವೀಪದ ಸಮೇತ ಮರಳಿದ್ದರಿಂದ ಹಳಬರ ನೆಲದ ಅರಿವು ವ್ಯರ್ಥವಾಗಲಿಲ್ಲ. 2022ರ ಜುಲೈನಲ್ಲಿ ಅದು ಮತ್ತೆ ಆ್ಯಪ್ ಅಂಗಡಿಗಳಿಂದ ಮರೆಯಾಯಿತು. 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪರೀಕ್ಷಾವಧಿಯ ಷರತ್ತಿನ ಮೇಲೆ ಮರಳಿ ಬಂದಾಗ ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂದು ಆಟದ ಅವಧಿಗೂ ಮಿತಿ ಬಿತ್ತು.